ಹೇಳಿದ ಕುದುರೆ, ಓಡಿದ ಕುದುರೆ

ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ 1990ರ ದಶಕದ ಶುಕ್ರವಾರ ರಾತ್ರಿಗಳಲ್ಲಿ ಒಂದು ಮನೆಯ ಜಗಲಿಯ ದೀಪ ಬಹಳ ಹೊತ್ತು ಆರುತ್ತಿರಲಿಲ್ಲ. ಆ ಮನೆಯ ಯಜಮಾನರು ಬೆಂಗಳೂರಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವರು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ರಾತ್ರಿ ಕೊನೆಯ ಬಸ್ಸಿಗೆ ಮರಳುವ ಅವರನ್ನು ಊರಿನಲ್ಲಿ ಯಾರೂ ಹೆಸರಿಡಿದು ಕರೆಯುತ್ತಿರಲಿಲ್ಲ. ‘ಪ್ರೆಸ್ಸಣ್ಣ’ ಎಂದರೆ ಸಾಕಿತ್ತು. ಶುಕ್ರವಾರ ಊಟವಾದ ಮೇಲೆ ಅವರ ತೊಡೆಯ ಮೇಲೆ ರೇಸ್ ಪುಸ್ತಕ, ಪಕ್ಕದಲ್ಲಿ ಹಳೆಯ ಕ್ಯಾಲೆಂಡರಿನ ಹಾಳೆ, ಕಿವಿಯ ಮೇಲೆ ಕೆಂಪು ಪೆನ್ಸಿಲು. ಬೆಂಗಳೂರು ಟರ್ಫ್ ಕ್ಲಬ್ಬಿನ ಮೈದಾನದಲ್ಲಿ ಮರುದಿನ ಓಡಲಿರುವ ಕುದುರೆಗಳ ಜಾತಕ ಅಲ್ಲಿ ಸಿದ್ಧವಾಗುತ್ತಿತ್ತು.

ಕುದುರೆಯ ಹುಚ್ಚು ಅವರಿಗೆ ಹಣದಿಂದ ಹತ್ತಿದ್ದಲ್ಲ. ಚಿಕ್ಕವರಿದ್ದಾಗ ತಂದೆಯ ಜೊತೆ ಕುಣಿಗಲ್ ಸಂತೆಗೆ ಹೋಗುತ್ತಿದ್ದರು. ಟಿಪ್ಪು ಸುಲ್ತಾನನ ಕಾಲದಲ್ಲಿ ಸೈನ್ಯಕ್ಕೆ ಕುದುರೆ ಬೆಳೆಸಿದ ಅದೇ ಕುಣಿಗಲ್ಲಿನ ಫಾರಂ, ಮುಂದೆ ಪಂದ್ಯದ ಕುದುರೆಗಳ ತವರಾಗಿತ್ತು. ಬೇಲಿಯಾಚೆ ತಾಯಿಯ ಹಿಂದೆ ಓಡುತ್ತಿದ್ದ ಮರಿಗಳನ್ನು ನೋಡುತ್ತಾ ಆ ಹುಡುಗ ಸಂತೆಯನ್ನೇ ಮರೆತು ನಿಂತುಬಿಡುತ್ತಿದ್ದ. ಅದೇ ಹುಡುಗ ದೊಡ್ಡವನಾಗಿ ಹತ್ತು ರೂಪಾಯಿಗಿಂತ ಹೆಚ್ಚು ಬಾಜಿ ಎಂದೂ ಕಟ್ಟಲಿಲ್ಲ. ಅವರಿಗೆ ಬೇಕಾಗಿದ್ದದ್ದು ಗೆಲುವಲ್ಲ, ‘ನಾನು ಹೇಳಿರಲಿಲ್ಲವೇ’ ಎನ್ನುವ ಸುಖ.

ಆ ಸುಖಕ್ಕೆ ಅವರು ಪಡುತ್ತಿದ್ದ ಶ್ರಮ ಪರೀಕ್ಷೆಗೆ ಓದುವ ಹುಡುಗರಿಗಿಂತ ಕಡಿಮೆಯದಲ್ಲ. ರೇಸ್ ಪುಸ್ತಕದಲ್ಲಿ ಪ್ರತಿ ಕುದುರೆಯ ತಂದೆ ತಾಯಿ, ವಯಸ್ಸು, ಹೊರುವ ತೂಕ, ಸವಾರ, ತರಬೇತುದಾರ, ಹಿಂದಿನ ಓಟಗಳ ಫಲಿತಾಂಶ ಎಲ್ಲವೂ ಇರುತ್ತದೆ. 1200 ಮೀಟರಿನಲ್ಲಿ ಬಾಣದಂತೆ ಹೋಗುವ ಕುದುರೆ 2000 ಮೀಟರಿನಲ್ಲಿ ಉಸಿರು ಕಟ್ಟಿ ನಿಲ್ಲಬಹುದು. ಇದಲ್ಲದೆ ಹ್ಯಾಂಡಿಕ್ಯಾಪ್ ಎಂಬ ಏರ್ಪಾಡೊಂದಿದೆ. ಚೆನ್ನಾಗಿ ಓಡುವ ಕುದುರೆಗೆ 60 ಕಿಲೋ ಹೊರಿಸಿದರೆ ಸಾಧಾರಣದ್ದಕ್ಕೆ 50 ಕಿಲೋ ಹೊರಿಸುತ್ತಾರೆ. ಎಲ್ಲ ಕುದುರೆಗಳೂ ಒಟ್ಟಿಗೇ ಗುರಿ ಮುಟ್ಟುವಂತಾಗಲಿ ಎಂಬುದೇ ಇದರ ಉದ್ದೇಶ. ಅಂದರೆ ಯಾರೂ ಮುಂಚಿತವಾಗಿ ಹೇಳಲಾಗದಂತೆ ಒಬ್ಬ ತಜ್ಞ ಕೂತು ಪಂದ್ಯ ಕಟ್ಟುತ್ತಾನೆ. ಅದನ್ನೇ ಹೇಳಿಬಿಡುತ್ತೇನೆಂದು ಇನ್ನೊಬ್ಬ ಜಗಲಿಯಲ್ಲಿ ಕೂರುತ್ತಾನೆ!

ಇದರ ಮೇಲೆ ಮಳೆ. ಬೆಂಗಳೂರಿನ ಬೇಸಿಗೆ ಋತುವಿನ ಪಂದ್ಯಗಳು ಹೆಸರಿಗೆ ಬೇಸಿಗೆಯವು. ಅವು ಮುಂಗಾರಿನ ತಿಂಗಳುಗಳಲ್ಲಿಯೂ ನಡೆಯುತ್ತವೆ. ಓಟ ಹುಲ್ಲಿನ ಮೇಲೆ. ಹಿಂದಿನ ರಾತ್ರಿ ಮಳೆ ಬಿದ್ದರೆ ನೆಲ ಮೆತ್ತಗಾಗಿ ಗಟ್ಟಿ ನೆಲದ ಕುದುರೆ ಕಾಲೆಳೆಯುತ್ತದೆ. ಹವಾಮಾನದ ಕಾಟ ತಪ್ಪಿಸಲೆಂದು ಇಂಗ್ಲೆಂಡಿನವರು ಮರಳು ಮತ್ತು ಕೃತಕ ವಸ್ತುಗಳ ‘ಸರ್ವಋತು’ ಓಟದ ಹಾದಿ ಮಾಡಿದರು. ಅಲ್ಲಿ ಅಂಥ ಮೊದಲ ಪಂದ್ಯ ಲಿಂಗ್‌ಫೀಲ್ಡ್ ಎಂಬಲ್ಲಿ 1989ರ ಅಕ್ಟೋಬರ್ 30ರಂದು ನಡೆಯಿತು. ಮಳೆಯ ಲೆಕ್ಕ ತಪ್ಪಿತಲ್ಲ, ಇನ್ನು ಭವಿಷ್ಯ ಹೇಳುವವರಿಗೆ ಸುಗ್ಗಿ ಎನ್ನುವಿರೇನೋ! ಹಾಗೇನೂ ಆಗಲಿಲ್ಲ. ಹುಲ್ಲಾಗಲಿ ಮರಳಾಗಲಿ, ಎಲ್ಲರೂ ಗೆದ್ದೇ ಗೆಲ್ಲುತ್ತದೆಂದು ನಂಬಿದ ಕುದುರೆ ಗೆಲ್ಲುವುದು ಸುಮಾರಾಗಿ ಮೂರು ಪಂದ್ಯಗಳಲ್ಲಿ ಒಂದನ್ನು ಮಾತ್ರ.

ಪ್ರೆಸ್ಸಣ್ಣನ ಹಾಳೆ ಮೊದಮೊದಲು ಮನೆಯಲ್ಲೇ ಇರುತ್ತಿತ್ತು. ಆಮೇಲೆ ಶನಿವಾರ ಬೆಳಿಗ್ಗೆ ಟೀ ಅಂಗಡಿಗೆ ಬಂತು. “ಇವತ್ತು ಯಾವ್ದಣ್ಣ?” ಎಂದು ಕೇಳುವವರು ಇಬ್ಬರಿದ್ದದ್ದು ಹತ್ತಾದರು. ಬಂದ ಕುದುರೆಗಳನ್ನು ಊರು ನೆನಪಿಟ್ಟುಕೊಂಡಿತು; ಬಾರದ ಕುದುರೆಗಳನ್ನು ಪ್ರೆಸ್ಸಣ್ಣನೂ ಮರೆತ, ಊರೂ ಮರೆಯಿತು. 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕುದುರೆ ಪಂದ್ಯ ಜೂಜಲ್ಲ, ಕೌಶಲದ ಆಟ ಎಂದು ತೀರ್ಪು ಕೊಟ್ಟಾಗಲಂತೂ ಟೀ ಅಂಗಡಿಯಲ್ಲಿ ಅವರ ಬೆಲೆ ಇನ್ನಷ್ಟು ಏರಿತು.

ಆ ಅಂಗಡಿಯ ಮೂಲೆಯಲ್ಲಿ ಮಾತಿಲ್ಲದೆ ಕೂರುತ್ತಿದ್ದ ಒಬ್ಬ ರೈತನಿದ್ದ. ಎರಡು ಎಕರೆ ಹಿಪ್ಪುನೇರಳೆ, ಮನೆ ತುಂಬ ರೇಷ್ಮೆ ಹುಳು. ರಾಮನಗರದ ಮಾರ್ಕೆಟ್ಟಿನಲ್ಲಿ ಗೂಡನ್ನು ಕೈಯಲ್ಲಿ ಒತ್ತಿ ನೋಡಿ ನೂಲು ಎಷ್ಟು ಬಂದೀತೆಂದು ಹೇಳಬಲ್ಲವನು. ಮಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಗೂಡು ಮಾರಿ ಬಂದ ಹಣ ಶುಲ್ಕಕ್ಕೆ ಅರ್ಧವಾಗುತ್ತಿತ್ತು, ಉಳಿದರ್ಧಕ್ಕೆ ದಾರಿಯಿರಲಿಲ್ಲ. ಆ ವಾರ ಪ್ರೆಸ್ಸಣ್ಣ ಒಂದು ಕುದುರೆಯ ಸುತ್ತ ಎರಡು ಸಲ ಕೆಂಪು ಗೆರೆ ಎಳೆದಿದ್ದರು. “ನಾಲ್ಕನೇ ರೇಸು, ಮೂರನೇ ನಂಬರು. ಇದು ಬಿಟ್ರೆ ಇನ್ಯಾವ್ದೂ ಇಲ್ಲ ಕಣಪ್ಪ” ಎಂದರು. ಕೇಳಿದವನು ಏನೂ ಹೇಳಲಿಲ್ಲ. ಟೀ ದುಡ್ಡು ಕೊಟ್ಟು ಬಸ್ಸು ಹತ್ತಿದ.

ರಾತ್ರಿಯೇ ಬೆಂಗಳೂರಿನಲ್ಲಿ ಮಳೆ ಸುರಿದಿತ್ತು. ಹೇಳಿದ ಕುದುರೆ ಕತ್ತಿನಷ್ಟು ಅಂತರದಲ್ಲಿ ಎರಡನೆಯದಾಗಿ ಬಂತು.

ಪ್ರೆಸ್ಸಣ್ಣನಿಗೆ ಈ ಸಂಗತಿ ತಿಳಿದದ್ದು ನಾಲ್ಕು ದಿನ ಕಳೆದ ಮೇಲೆ, ಅದೂ ಹೆಂಡತಿಯ ಬಾಯಿಂದ. ಅವರು ಎದ್ದು ರೈತನ ಮನೆಗೆ ಹೋದರು. ಒಳಗೆ ಹುಳು ಸೊಪ್ಪು ತಿನ್ನುವ ಸರಸರ ಸದ್ದು. ತನ್ನ ಕೈಲಾದಷ್ಟು ಹಣ ಕೊಡುತ್ತೇನೆಂದರು. ಆತ ತಲೆಯಾಡಿಸಿದ. “ಕುದ್ರೆ ನೀನು ಓಡಿಸಿದ್ದಾ ಅಣ್ಣ? ನನ್ನ ಬುದ್ಧಿ ಓಡಿದ್ದು” ಎಂದ. ಬೈದಿದ್ದರೆ ಪ್ರೆಸ್ಸಣ್ಣನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಹುಡುಗ ಆ ವರ್ಷ ಕಾಲೇಜಿಗೆ ಹೋಗಲಿಲ್ಲ. ರಾಮನಗರದ ನೂಲು ಬಿಚ್ಚುವ ಕಾರ್ಖಾನೆಯಲ್ಲಿ ಬಿಸಿನೀರಿನ ಮುಂದೆ ನಿಂತ. ಮರುವರ್ಷ ಇಂಜಿನಿಯರಿಂಗ್ ಬಿಟ್ಟು ಡಿಪ್ಲೊಮಾಕ್ಕೆ ಸೇರಿದ.

ಪ್ರೆಸ್ಸಣ್ಣನ ಮಗಳು ಆಗ ಪಿಯುಸಿ ಓದುತ್ತಿದ್ದಳು. ಅಪ್ಪ ಎತ್ತಿಟ್ಟಿದ್ದ ಕ್ಯಾಲೆಂಡರ್ ಹಾಳೆಗಳನ್ನೆಲ್ಲ ತಂದು ಎದುರಿಗೆ ಹರವಿ, “ಅಪ್ಪ, ಎಲ್ಲಾ ಕುದುರೆಗೂ ಹತ್ತತ್ತು ರೂಪಾಯಿ ಕಟ್ಟಿದ್ದೀವಿ ಅಂತ ಲೆಕ್ಕ ಹಾಕೋಣವಾ?” ಎಂದಳು. ಎರಡು ರಾತ್ರಿ ಅಪ್ಪ ಮಗಳು ಕೂತು ಲೆಕ್ಕ ಹಾಕಿದರು. ಗೆದ್ದವು ಮೂರರಲ್ಲಿ ಒಂದಕ್ಕೂ ಕಡಿಮೆ. ಗೆದ್ದ ಕುದುರೆಗಳಿಗೂ ಎಲ್ಲರೂ ಮುಗಿಬಿದ್ದು ಕಟ್ಟಿದ್ದರಿಂದ ಬಂದ ಹಣ ಅಲ್ಪ. ಒಟ್ಟಿನಲ್ಲಿ ನಷ್ಟ. ಇಷ್ಟು ಓದಿ, ಇಷ್ಟು ಜಾಗರಣೆ ಮಾಡಿ ಹೇಳಿದವರ ಪಾಡೇ ಇದು!

ಮಗಳು ಇನ್ನೊಂದು ಲೆಕ್ಕ ತೋರಿಸಿದಳು. ವಿದ್ಯಾರ್ಥಿಗಳು ಇದನ್ನು ತಾವೇ ಮಾಡಿ ನೋಡಬಹುದು. ಕಟ್ಟಿದ ನೂರು ರೂಪಾಯಿಯಲ್ಲಿ ತೆರಿಗೆ, ಕ್ಲಬ್ಬಿನ ಪಾಲು ಎಂದು ಇಪ್ಪತ್ತು ಹೋಗಿ ಎಂಬತ್ತನ್ನು ಮಾತ್ರ ಗೆದ್ದವರಿಗೆ ಹಂಚುತ್ತಾರೆಂದು ಇಟ್ಟುಕೊಳ್ಳಿ. ಬಂದ ಹಣವನ್ನೇ ಮತ್ತೆ ಮತ್ತೆ ಕಟ್ಟುತ್ತ ಹೋದರೆ, ಸರಾಸರಿ ಅದೃಷ್ಟದವನ ನೂರು ರೂಪಾಯಿ ಐದು ಸುತ್ತಿನಲ್ಲಿ ಮೂವತ್ತಮೂರಕ್ಕೆ ಇಳಿಯುತ್ತದೆ. ಇನ್ನು ಜಾಕ್‌ಪಾಟ್. ಐದು ಪಂದ್ಯಗಳಲ್ಲಿ ಎಂಟೆಂಟು ಕುದುರೆಗಳಿದ್ದರೆ ಐದನ್ನೂ ಗೆಲ್ಲುವ ಸಾಲು 32,768ರಲ್ಲಿ ಒಂದೇ ಒಂದು.

ಈಗ ಜಗಲಿಯೂ ಬೇಡ, ಟೀ ಅಂಗಡಿಯೂ ಬೇಡ. ‘ಖಚಿತ ಟಿಪ್ಸ್’ ಮಕ್ಕಳ ಕೈಯಲ್ಲಿರುವ ಮೊಬೈಲಿಗೇ ಬರುತ್ತದೆ. ಅದರ ಗುಟ್ಟೂ ಸರಳ ಗಣಿತವೇ. ಎಂಟು ಕುದುರೆಗಳ ಪಂದ್ಯವೊಂದಕ್ಕೆ ಒಬ್ಬ 64 ಜನರಿಗೆ ಟಿಪ್ಸ್ ಕಳುಹಿಸುತ್ತಾನೆ, ಎಂಟೆಂಟು ಜನರಿಗೆ ಒಂದೊಂದು ಕುದುರೆ. ಯಾವುದು ಗೆದ್ದರೂ ಎಂಟು ಜನರಿಗೆ ಅವನ ಮಾತು ನಿಜ. ಮುಂದಿನ ಪಂದ್ಯಕ್ಕೆ ಆ ಎಂಟು ಜನರಿಗೂ ಬೇರೆ ಬೇರೆ ಕುದುರೆ. ಒಬ್ಬನಿಗಂತೂ ಎರಡೂ ಸಲ ನಿಜವಾಗುತ್ತದೆ. ಆ ಒಬ್ಬ ಮೂರನೆಯ ಸಲ ಮನೆಯ ಹಣ ತಂದುಕೊಡುತ್ತಾನೆ. ಉಳಿದ 63 ಜನ ಇದ್ದರೆಂಬುದೇ ಅವನಿಗೆ ಗೊತ್ತಿರುವುದಿಲ್ಲ. ಇದು ಸಾಲದೆಂಬಂತೆ 2025ರ ಸೆಪ್ಟೆಂಬರ್ 22ರಿಂದ ಬಾಜಿಯ ಮೇಲೆ ಶೇಕಡಾ 40ರ ಜಿಎಸ್‌ಟಿ ಬೇರೆ.

ಪ್ರೆಸ್ಸಣ್ಣ ಮೋಸಗಾರರಾಗಿರಲಿಲ್ಲ. ಅವರ ಓದು ನಿಜ, ಶ್ರಮ ನಿಜ, ಕೋರ್ಟು ಹೇಳಿದ ಕೌಶಲವೂ ನಿಜ. ಆದರೆ ಗೂಡು ಒತ್ತಿ ಬೆಲೆ ಹೇಳುವವನು ತಪ್ಪಿದರೆ ತನ್ನದೇ ಹಣ ಕಳೆದುಕೊಳ್ಳುತ್ತಾನೆ. ಟಿಪ್ಸ್ ಹೇಳುವವನ ತಪ್ಪಿಗೆ ದಂಡ ತೆರುವವನು ಬೇರೊಬ್ಬ. ಅವರ ಊರಿನಲ್ಲೇ ಒಂದು ಶಾಸನವಿದೆ. 1368ರಲ್ಲಿ ಬುಕ್ಕರಾಯ ಜೈನರ ಮತ್ತು ಶ್ರೀವೈಷ್ಣವರ ವ್ಯಾಜ್ಯವನ್ನು ಬಗೆಹರಿಸಿ, ಒಬ್ಬರ ಕೈಯನ್ನು ಇನ್ನೊಬ್ಬರ ಕೈಗಿತ್ತು ಕೊಟ್ಟ ಮಾತು ಅದರಲ್ಲಿದೆ. ಆಡಿದ ಮಾತಿಗೆ ಆಡಿದವರು ನಿಲ್ಲಬೇಕೆಂದೇ ಅದನ್ನು ಕಲ್ಲಿನಲ್ಲಿ ಕೊರೆದದ್ದು. ಪೆನ್ಸಿಲಿನಲ್ಲಿ ಬರೆದ ಮಾತಿಗೂ ಒಬ್ಬ ಒಡೆಯನಿರಬೇಕಲ್ಲವೇ?

ಆಮೇಲೂ ಶುಕ್ರವಾರ ರಾತ್ರಿ ಜಗಲಿಯ ದೀಪ ಉರಿಯುತ್ತಿತ್ತು. ಕುದುರೆಯ ಹುಚ್ಚು ಅಷ್ಟು ಸುಲಭವಾಗಿ ಬಿಡುವುದಲ್ಲ. ಆದರೆ ಬರೆದ ಹಾಳೆಯನ್ನು ಅವರು ಮಡಿಸಿ ಮಗಳ ಕೈಗೆ ಕೊಡುತ್ತಿದ್ದರು. ಪಂದ್ಯ ಮುಗಿದ ಮೇಲೆ ಇಬ್ಬರೂ ಅದನ್ನು ಬಿಚ್ಚಿ, ಬಂದವಕ್ಕೆ ಒಂದು ಗುರುತು, ಬಾರದವಕ್ಕೆ ಒಂದು ಗುರುತು ಹಾಕುತ್ತಿದ್ದರು. ಟೀ ಅಂಗಡಿಯಲ್ಲಿ “ಇವತ್ತು ಯಾವ್ದಣ್ಣ?” ಎಂದು ಯಾರಾದರೂ ಕೇಳಿದರೆ ಅವರ ಉತ್ತರ ಒಂದೇ:

“ಓಡಿದ ಮೇಲೆ ಹೇಳ್ತೀನಿ, ತಾಳಪ್ಪ.”