ಕಿತ್ತು ಹಾಕುವ ಕೆಲಸ

ಸಾಫ್ಟ್‌ವೇರ್ ಹಾಕಿಕೊಟ್ಟರೆ ಜನ ದುಡ್ಡು ಕೊಡುತ್ತಿದ್ದರು, ತೆಗೆದುಕೊಟ್ಟರೆ ಕಾಫಿ. ಕಡೂರು, ತರೀಕೆರೆ, ಅಜ್ಜಂಪುರ ಸುತ್ತಿಕೊಂಡು ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದಾಗ ಮೂರೂ ಊರಲ್ಲಿ ಇದೇ ರೇಟು.

ಆಗ ವಿಂಡೋಸ್ 98. ಪತ್ರಿಕೆ ಜೊತೆ ಬಂದ ಸಿಡಿಯಲ್ಲಿದ್ದುದನ್ನೆಲ್ಲ ಹಾಕಿಕೊಂಡು, ಡಿಸ್ಕ್ ತುಂಬಿದ ಮೇಲೆ ಫೋಲ್ಡರನ್ನೇ ಡಿಲೀಟ್ ಮಾಡಿಬಿಡೋರು. ರಿಜಿಸ್ಟ್ರಿಯಲ್ಲಿ ಹೆಸರು ಹಾಗೇ ಉಳಿದು ಪಟ್ಟಿಯಲ್ಲಿ ಕಾಣುತ್ತಿತ್ತು. ತೆಗೆಯಲು ಹೋದರೆ ತೆಗೆಯುವ ಫೈಲೇ ಇಲ್ಲವೆಂದು ಎರರ್. ಸರಿಯಾದ ದಾರಿಯಲ್ಲಿ ಹೋದವರಿಗೆ ಇನ್ನೊಂದು ಪ್ರಶ್ನೆ: ಈ ಡಿಎಲ್‌ಎಲ್ ಬೇರೆ ಯಾವುದಕ್ಕೂ ಬೇಡವೆಂದು ಕಾಣುತ್ತದೆ, ಅಳಿಸಲೇ? ಓದುವ ತಾಳ್ಮೆ ಯಾರಿಗಿದೆ, ಎಲ್ಲದಕ್ಕೂ ಎಸ್. ಮಾರನೇ ದಿನ ಪ್ರಿಂಟರ್ ಮಾತಾಡುತ್ತಿರಲಿಲ್ಲ.

ಅದಕ್ಕೇ ವಿಷುಯಲ್ ಬೇಸಿಕ್ 6ರಲ್ಲಿ ಸಣ್ಣದೊಂದು ಅನ್‌ಇನ್‌ಸ್ಟಾಲರ್ ಬರೆದುಕೊಂಡೆ. ರಿಜಿಸ್ಟ್ರಿಯ ಪಟ್ಟಿ ಓದಿ ಸತ್ತ ಹೆಸರುಗಳನ್ನು ತೋರಿಸುತ್ತಿತ್ತು, ಒಪ್ಪಿದರೆ ಅಳಿಸುತ್ತಿತ್ತು. ಅಳಿಸುವ ಮುಂಚೆ ಒಂದು ಪ್ರತಿ ತೆಗೆದಿಡುತ್ತಿತ್ತು. ಫಾಂಟ್ ಫೋಲ್ಡರ್ ಮಾತ್ರ ಮುಟ್ಟುತ್ತಿರಲಿಲ್ಲ.

ಯಾಕೆಂದರೆ ನುಡಿ, ಬರಹದ ಆ ಕಾಲದ ಫಾಂಟುಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿದ್ದವು. ತರೀಕೆರೆಯ ಒಂದು ಟೈಪಿಂಗ್ ಸೆಂಟರಿನಲ್ಲಿ ಮಾಲೀಕರ ಅಕ್ಕನ ಮಗ ಎಲ್ಲಿಂದಲೋ ತಂದ ಸಿಡಿ ಹಾಕಿ ಕಂಪ್ಯೂಟರ್ 'ಕ್ಲೀನ್' ಮಾಡಿದ್ದ. ಫಾಂಟುಗಳೂ ಕ್ಲೀನ್. ಕ್ರಯಪತ್ರ ತೆರೆದರೆ 'ನ' ಇದ್ದಲ್ಲೆಲ್ಲ ಪೌಂಡ್ ಗುರುತು, ಉಳಿದ ಕಡೆ ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರ. "ವೈರಸ್ ಸಾರ್, ಎಲ್ಲ ತಿಂದ್‌ಬಿಟ್ಟಿದೆ" ಅಂತ ಅವರು ಹಣೆ ಚಚ್ಚಿಕೊಂಡರು. ಒಂದಕ್ಷರವೂ ಹೋಗಿರಲಿಲ್ಲ. ನುಡಿ ಮತ್ತೆ ಹಾಕಿದ ಕೂಡಲೇ ಚಕ್ಕುಬಂದಿ ಸಮೇತ ಪತ್ರ ಎದ್ದು ಕೂತಿತು. ನನ್ನ ಪ್ರೋಗ್ರಾಮಿನ ಗುಂಡಿಗಳ ಮೇಲೆ ಇಂಗ್ಲಿಷ್ ಬರೆದದ್ದೂ ಇದೇ ಕಾರಣಕ್ಕೆ. ಕನ್ನಡದಲ್ಲಿ ಬರೆದಿದ್ದರೆ, ಫಾಂಟ್ ಕಳೆದುಕೊಂಡ ಕಂಪ್ಯೂಟರಿನಲ್ಲಿ ಅವುಗಳ ಮೇಲೂ ಪೌಂಡೇ.

ಸಪೋರ್ಟ್ ಅಂದರೆ ಬಸ್ಸು, ಇಲ್ಲವೇ ಬೀರೂರಿನಲ್ಲಿ ರೈಲು ಬದಲಿಸುವುದು. ತರೀಕೆರೆಗೆ ಒಂದು ಲೈನು, ಅಜ್ಜಂಪುರಕ್ಕೆ ಇನ್ನೊಂದು. ಈಗ ಅಜ್ಜಂಪುರವೇ ತಾಲೂಕು, ನಾನು ಕಡೂರಿನಲ್ಲಿ ಕೂತೇ ಅಲ್ಲಿಯ ಪರದೆ ನೋಡುತ್ತೇನೆ. ನನ್ನ ಪ್ರೋಗ್ರಾಮು ಯಾರಿಗೂ ಬೇಡ; ಹುಡುಗರು ಫೋನಿನಲ್ಲಿ ಆ್ಯಪ್ ಒತ್ತಿಹಿಡಿದು ತೆಗೆಯುತ್ತಾರೆ. ಲ್ಯಾಪ್‌ಟಾಪ್ ಜೊತೆ ಬರುವ ಟ್ರಯಲ್ ಆಂಟಿವೈರಸ್ ಮಾತ್ರ ಇನ್ನೂ ನೆಂಟರ ಹಾಗೆ, ಹೋಗ್ತೀನಿ ಅಂದು ಬಾಗಿಲಲ್ಲೇ ನಿಲ್ಲುತ್ತದೆ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು. ಹೊಸ ಕಂಪ್ಯೂಟರ್ ಕೊಂಡವರು ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ತಂದರು, ಹಳೆ ಫಾಂಟು ತರಲಿಲ್ಲ. ಹೊಸದರಲ್ಲಿ ಯೂನಿಕೋಡ್ ಕನ್ನಡ ಇದ್ದೇ ಇದೆ, ಆದರೆ ಆ ಕಾಲದ ಪತ್ರಗಳಿಗೆ ಅದು ಉಪಯೋಗಕ್ಕಿಲ್ಲ. ಅವನ್ನು ಕನ್ವರ್ಟರಿಗೆ ಹಾಕಿ, ಅರ್ಕಾವತ್ತು ದಾರಿ ತಪ್ಪಿದೆಯಾ ಅಂತ ಸಾಲು ಸಾಲೂ ನೋಡಿ ಕೊಡುತ್ತೇನೆ. ಇದಕ್ಕೆ ಪುಟದ ಲೆಕ್ಕದಲ್ಲಿ ದುಡ್ಡು, ಕಾಫಿ ಬೇರೆ.