ರೈಲಿಗಿಂತ ಮೊದಲೇ ಬಂದ ಸೇತುವೆ

ಮೈಸೂರಿನಿಂದ ಹೊರಟ ಬಸ್ಸು ಮಲ್ಲನಮೂಲೆ ದಾಟಿತು. ಕಿಟಕಿ ಪಕ್ಕ ಸೀಟು ಸಿಕ್ಕಿದ್ದರೆ ಈಗ ಹೊರಗೆ ನೋಡಿ. ಹೊಸ ಸೇತುವೆಯ ಮೇಲೆ ಬಸ್ಸು ಕಪಿಲಾ ನದಿಯನ್ನು ದಾಟಿದ್ದೇ ಗೊತ್ತಾಗುವುದಿಲ್ಲ. ಒಮ್ಮೆ ನೀರು ಹೊಳೆದಂತಾಗಿ, ಆಚೆ ದಡದ ಅಂಗಡಿಗಳು ಎದುರಾಗುತ್ತವೆ. ಆ ಗಳಿಗೆಯಲ್ಲೇ ಪಕ್ಕದ ತಗ್ಗಿನಲ್ಲಿ ಕಲ್ಲುಗಾರೆಯ ಕಾಲುಗಳ ಉದ್ದನೆಯ ಸಾಲೊಂದು ಕಾಣುತ್ತದೆ. ನಂಜನಗೂಡಿನಲ್ಲಿ ಇಳಿದುಕೊಂಡು ಅಲ್ಲಿಗೇ ವಾಪಸು ನಡೆಯಿರಿ. ನಂಜುಂಡೇಶ್ವರನ ದರ್ಶನ ಆಮೇಲಾದರೂ ಆದೀತು.

ಹೆದ್ದಾರಿಯ ಗದ್ದಲ ಹಿಂದೆ ಬೀಳುವುದಿಲ್ಲ, ಜೊತೆಗೇ ಬರುತ್ತದೆ. ಸಂಜೆಯಾದರೆ ಅದಕ್ಕೊಂದು ಅವಸರವೂ ಸೇರುತ್ತದೆ: ರಾತ್ರಿ ಒಂಬತ್ತಕ್ಕೆ ಬಂಡೀಪುರದ ಗೇಟು ಬೀಳುವ ಮುನ್ನ ಕಾಡು ದಾಟಬೇಕೆಂದು ಊಟಿಯ ಕಾರುಗಳು, ಕೇರಳದ ಲಾರಿಗಳು ಹಾರನ್ ಒತ್ತುತ್ತ ಓಡುತ್ತಿರುತ್ತವೆ. ನಿಮ್ಮ ಕಾಲಡಿಯ ರಸ್ತೆಗೆ ಮಾತ್ರ ಯಾರನ್ನೂ ಎಲ್ಲಿಗೂ ಮುಟ್ಟಿಸುವ ಕೆಲಸವಿಲ್ಲ. ಅಂಚಿನಲ್ಲಿ ಮುಳ್ಳುಪೊದೆ, ಗಾರೆಯ ಸಂದಿಯಲ್ಲಿ ಅರಳಿ ಸಸಿ. ಮುಟ್ಟಿ ನೋಡಿ, ಹಗಲಿನ ಬಿಸಿ ಕಲ್ಲಿನಲ್ಲಿ ಇನ್ನೂ ಇದೆ.

ಈ ಹಳೆಯ ಸೇತುವೆಯನ್ನು ಕಟ್ಟಿಸಿದವನು ಮೈಸೂರಿನ ದಳವಾಯಿ ದೇವರಾಜಯ್ಯ, 1735ರಲ್ಲಿ. ಸಿಂಹಾಸನದ ಮೇಲೆ ಎಳೆಯ ಇಮ್ಮಡಿ ಕೃಷ್ಣರಾಜ ಒಡೆಯರು. ಆಳ್ವಿಕೆಯೆಲ್ಲ ದಳವಾಯಿ ಮನೆತನದ ಕೈಯಲ್ಲಿ. ಇಲ್ಲಿ ನಿಂತು ಆ ಕಾಲವನ್ನು ಊಹಿಸಿಕೊಳ್ಳಿ. ಜಾತ್ರೆಗೆ ಬಂದ ಗಾಡಿಗಳು ಸಾಲುಗಟ್ಟಿವೆ. ಮುಡಿ ಕೊಡಲು ಬಂದವರು ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡಿದ್ದಾರೆ. ಗಾಡಿಯ ಪಟ್ಟಿ ಕಲ್ಲಿಗೆ ತಾಗಿ ಕಟಕಟ ಎನ್ನುತ್ತಿದೆ. ದಂಡಿನವರು ಬಂದರೆಂದರೆ ಎಲ್ಲರೂ ಬದಿಗೆ ಸರಿಯಬೇಕು. ದಂಡುಗಳಿಗೂ ಇಲ್ಲೇನು ಬರವಿರಲಿಲ್ಲ. 1761ರಲ್ಲಿ ತನ್ನ ವಿರುದ್ಧವೇ ತಿರುಗಿಬಿದ್ದ ಸಹಾಯಕ ಖಂಡೇರಾಯನ ಎದುರು ಹೈದರ್ ಅಲಿ ಸೋತು ಹಿಮ್ಮೆಟ್ಟಿದ್ದು ಇದೇ ನಂಜನಗೂಡು ಸೀಮೆಯಲ್ಲಿ.

ಇಷ್ಟೆಲ್ಲ ಇದ್ದೂ ಇದನ್ನು ತೋರಿಸುವವರು ಮೊದಲು ಹೇಳುವುದು, "ದೇಶದಲ್ಲೇ ಹಳೆಯ ರೈಲ್ವೆ ಸೇತುವೆ" ಎಂದು. ಹೆಮ್ಮೆ ಇರಲಿ, ಆದರೆ ಲೆಕ್ಕ ಸ್ವಲ್ಪ ನೋಡಿ. ಇಂಗ್ಲೆಂಡಿನ ಸ್ಟಾಕ್ಟನ್-ಡಾರ್ಲಿಂಗ್ಟನ್ ನಡುವೆ ಉಗಿಬಂಡಿ ಓಡಿದ್ದು 1825ರಲ್ಲಿ, ಮುಂಬಯಿ-ಠಾಣೆ ರೈಲು 1853ರಲ್ಲಿ. ದಳವಾಯಿಗೆ ರೈಲಿನ ಕನಸೂ ಬೀಳಲು ಸಾಧ್ಯವಿರಲಿಲ್ಲ. ಆತ ಕಟ್ಟಿಸಿದ್ದು ರಸ್ತೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೈಸೂರಿನಿಂದ ಮೀಟರ್ ಗೇಜ್ ಹಳಿ ಬಂದಾಗ ಬೇರೆ ಸೇತುವೆ ಕಟ್ಟುವ ಬದಲು ಇದರ ಒಂದು ಬದಿಯನ್ನೇ ರೈಲಿಗೆ ಬಿಟ್ಟುಕೊಟ್ಟರು. ಈ ಬದಿಗೆ ಎತ್ತು, ಆ ಬದಿಗೆ ಎಂಜಿನ್. ಅವೆರಡನ್ನೂ ಹೊತ್ತದ್ದು ಎತ್ತು-ಆನೆಗಳ ಭಾರವನ್ನಷ್ಟೇ ಬಲ್ಲ ಕುಶಲಕರ್ಮಿಗಳು ಎಬ್ಬಿಸಿದ ಕಾಲುಗಳು. ನನಗೆ ಇದರ ಹಿರಿಮೆ ಕಾಣುವುದು ಇಲ್ಲಿ. ರೈಲು ಈ ಮನೆಗೆ ತಡವಾಗಿ ಬಂದ ನೆಂಟ, ಯಜಮಾನನಲ್ಲ.

ಬ್ರಾಡ್ ಗೇಜ್ ಬಂದಮೇಲೆ ನೆಂಟನೂ ಹೊಸ ಸೇತುವೆ ನೋಡಿಕೊಂಡ. ಈಗ ಚಾಮರಾಜನಗರದ ರೈಲು ಅದರ ಮೇಲೆ ಹೋಗುತ್ತದೆ. ಹಳೆಯದಕ್ಕೆ ಪಾರಂಪರಿಕ ಕಟ್ಟಡವೆಂಬ ಮನ್ನಣೆ ಸಿಕ್ಕಿದೆ. ಮನ್ನಣೆಯಿಂದ ಅರಳಿ ಬೇರು ಹಿಂದೆ ಸರಿಯುವುದಿಲ್ಲ, ಅದನ್ನು ಕೀಳಬೇಕು. ಕಿತ್ತ ಜಾಗಕ್ಕೆ ಸಿಮೆಂಟು ಮೆತ್ತಿ ಕೈತೊಳೆದುಕೊಳ್ಳುವುದೂ ತಪ್ಪು. ಸುಣ್ಣದ ಗಾರೆ ತೇವವನ್ನು ಹೀರಿ ಹೊರಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಹಿಡಿದಿಟ್ಟು ಹಳೆಯ ಗಾರೆಯನ್ನೇ ಪುಡಿ ಮಾಡುತ್ತದೆ. ಖರ್ಚಿಗಿಂತ ಹೆಚ್ಚಾಗಿ ಬೇಕಾದದ್ದು ಸುಣ್ಣ ಅರೆಯಬಲ್ಲ ಕೈಗಳು.

ಅಂಚಿಗೆ ಹೋಗಿ, ಜೋಪಾನವಾಗಿ ಕೆಳಗೆ ಬಗ್ಗಿ. ಕಾಲುಗಳ ನಡುವಿನಿಂದ ನುಸುಳಿದ ನೀರು ಆಚೆ ಬಂದು ಹರಡಿಕೊಳ್ಳುತ್ತಿದೆ. 2018 ಮತ್ತು 2019ರ ಆಗಸ್ಟಿನಲ್ಲಿ ಇದೇ ನದಿ ಉಕ್ಕಿ ಮಲ್ಲನಮೂಲೆಯ ಬಳಿ ಹೆದ್ದಾರಿಯನ್ನೇ ಮುಳುಗಿಸಿ, ಮೈಸೂರು-ನಂಜನಗೂಡು ಓಡಾಟ ನಿಲ್ಲಿಸಿತ್ತು. ಇವತ್ತು ಸಾಧುವಾಗಿದೆ.

ಈ ನೀರು ಹೋಗಿ ಸೇರುವುದು ತಿರುಮಕೂಡಲು ನರಸೀಪುರದಲ್ಲಿ, ಕಾವೇರಿಯನ್ನು. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುವ ಸಂಗಮ ಅದು. ನಿಮ್ಮ ಬಸ್ಸು ಬಂದ ರಾಷ್ಟ್ರೀಯ ಹೆದ್ದಾರಿ 766 ಕೂಡ ಎರಡೂ ಊರುಗಳನ್ನು ಮುಟ್ಟುತ್ತದೆ, ಮೈಸೂರಿಗೆ ಹೋಗಿ ಸುತ್ತು ಹಾಕಿಕೊಂಡು. ನದಿಗೆ ಆ ಸುತ್ತು ಬೇಡ. ಅದು ಸುತ್ತೂರು ಮಠದ ಬಳಿ ಹಾದು, ಗದ್ದೆಬಯಲುಗಳ ನಡುವೆ ನೇರ ಗುಂಜಾನರಸಿಂಹನ ಊರಾದ ನರಸೀಪುರಕ್ಕೆ ಇಳಿಯುತ್ತದೆ. ಕಾಲಲ್ಲಿ ಕಸುವಿದ್ದರೆ ಇವತ್ತು ರಾತ್ರಿ ನಂಜನಗೂಡಿನಲ್ಲೇ ಉಳಿಯಿರಿ. ಬೆಳಿಗ್ಗೆ ಒಂದು ಚಿಪ್ಪು ರಸಬಾಳೆ ಸಿಕ್ಕರೆ ಕಟ್ಟಿಸಿಕೊಂಡು, ಬಿಸಿಲೇರುವ ಮೊದಲೇ ನದಿಯ ಜೊತೆ ಸುತ್ತೂರಿನ ಕಡೆಗೆ ಹೊರಡಿ.