ಹಸಿರು ನೂಲು

ಅಬ್ಬಿಗೆರೆಯಲ್ಲಿ ಮನೆ ಮಾಡಿದವನಿಗೆ ಸದ್ದಿನ ಅಭ್ಯಾಸ ತಾನಾಗಿಯೇ ಆಗುತ್ತದೆ. ಸಣ್ಣ ಕಾರ್ಖಾನೆಗಳ ಲೇತುಗಳು ಬೆಳಗಿನಿಂದ ಕೊರೆಯುತ್ತಲೇ ಇರುತ್ತವೆ. ಅದರ ನಡುವೆ ಒಂದು ಸಂಜೆ ಮಹಡಿಯ ಮೇಲಿನಿಂದ ಬೇರೊಂದು ಸದ್ದು ಕೇಳಿಸಿತು: ಟಕ್, ಕೊಂಚ ಬಿಡುವು, ಮತ್ತೆ ಟಕ್. ಕೈಯಲ್ಲಿದ್ದ ಉತ್ತರಪತ್ರಿಕೆಯನ್ನು ಕೆಳಗಿಟ್ಟೆ. ಅದು ಏನಿನ ಸದ್ದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಮೇಲಿನ ಮನೆಗೆ ಹೊಸದಾಗಿ ಬಂದವರು ಮಂಗಳೂರಿನ ಕಡೆಯ ನಿವೃತ್ತ ಉಪಾಧ್ಯಾಯಿನಿ. ಬೀದಿಗೆಲ್ಲ ಅವರು ಟೀಚರಮ್ಮ. ಮೇಜಿನ ಮೇಲಿಡುವಷ್ಟು ಪುಟ್ಟ ಮಗ್ಗದಲ್ಲಿ ಅವರು ನೇಯುತ್ತಿದ್ದುದು, ಪಾದ್ರಿಗಳು ಆರಾಧನೆಯ ಹೊತ್ತಿನಲ್ಲಿ ಕೊರಳಿನಿಂದ ಎರಡೂ ಕಡೆ ಇಳಿಬಿಡುವ ಪಟ್ಟಿ. ಸ್ಟೋಲ್ ಎಂದು ಅದರ ಹೆಸರು. ನಮ್ಮ ಶಲ್ಯದ ತಮ್ಮ ಎನ್ನಬಹುದು. ಅಣ್ಣನ ಮಗನಿಗೆ ಸಭಾಪಾಲಕನಾಗಿ ದೀಕ್ಷೆಯಂತೆ. ಅತ್ತೆಯ ಕಾಣಿಕೆ ನಾಲ್ಕು ಬಣ್ಣದ ನಾಲ್ಕು ಪಟ್ಟಿ.

"ನಾಲ್ಕೇಕೆ, ಟೀಚರಮ್ಮ?" ಎಂದೆ.

"ಇಗರ್ಜಿಗೂ ಋತುಗಳುಂಟಲ್ಲ, ಮೇಷ್ಟ್ರೇ" ಎಂದರು.

ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನ ಕಾಲಕ್ಕೂ ಈಸ್ಟರಿಗೆ ಮುಂಚಿನ ತಪಸ್ಸು ಕಾಲಕ್ಕೂ ನೇರಳೆ. ಆ ಎರಡು ಹಬ್ಬಗಳಿಗೆ ಬಿಳಿ. ಪವಿತ್ರಾತ್ಮ ಬೆಂಕಿಯ ನಾಲಗೆಗಳಾಗಿ ಇಳಿದ ಪಂಚಾಶತ್ತಮ ದಿನಕ್ಕೂ ಹುತಾತ್ಮರ ದಿನಗಳಿಗೂ ಕೆಂಪು. ಮಿಕ್ಕ ದಿನಗಳಿಗೆ ಹಸಿರು. 12ನೆಯ ಶತಮಾನದ ಕೊನೆಯಲ್ಲಿ, ಮುಂದೆ ಮೂರನೆಯ ಇನೊಸೆಂಟ್ ಎಂಬ ಹೆಸರಿನಲ್ಲಿ ಪೋಪ್ ಆದವರು ರೋಮಿನ ಬಣ್ಣಗಳನ್ನು ಬರೆದಿಟ್ಟಾಗ ನೇರಳೆಯನ್ನು ಕಪ್ಪಿನ ಬಳಗಕ್ಕೇ ಸೇರಿಸಿದ್ದರು.

"ಎಲ್ಲರೂ ಬಿಳಿಯದನ್ನೇ ಚಂದ ಮಾಡಿಸುತ್ತಾರೆ. ಆದರೆ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿರೇ ಅಲ್ವಾ? ಬೇಗ ಸವೆಯುವುದೂ ಅದೇ. ಅದನ್ನು ಗಟ್ಟಿಯಾಗಿ ನೇಯಬೇಕು." ಹಬ್ಬವಿಲ್ಲದ ದಿನಗಳ ಬಗ್ಗೆ ಇಷ್ಟು ಕಾಳಜಿ ಉಳ್ಳವರನ್ನು ನಾನು ಕಂಡಿರಲಿಲ್ಲ.

ಅವರ ಅಜ್ಜ ಮಂಗಳೂರಿನ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿದ್ದವರು. ಕನ್ನಡ ಮೇಷ್ಟರಿಗೆ ಬಾಸೆಲ್ ಮಿಷನ್ ಎಂದರೆ 1894ರ ಕಿಟೆಲ್ ನಿಘಂಟು, ಮಗ್ಗ ನೆನಪಾಗುವುದಿಲ್ಲ. ಮತ ಬದಲಿಸಿ ಕುಲದ ಕಸುಬನ್ನೂ ಕಳೆದುಕೊಂಡವರಿಗೆ ಅನ್ನದ ದಾರಿ ಬೇಕಾಗಿತ್ತು. 1851ರಲ್ಲಿ ಹಾಲರ್ ಎಂಬ ನುರಿತ ನೇಕಾರ ಬಂದ ಮೇಲೆ ಅಲ್ಲಿನ ನೇಯ್ಗೆ ಕುದುರಿತು. ಖಾಕಿ ಬಣ್ಣ ಹುಟ್ಟಿದ್ದೇ ಅಲ್ಲಿ ಎನ್ನುವುದು ಟೀಚರಮ್ಮನ ಹೆಮ್ಮೆ. ಪೋಲೀಸರಿಗೂ ಪಾದ್ರಿಗಳಿಗೂ ಒಂದೇ ವಂಶದ ಬಟ್ಟೆ ಎಂದು ನಗುತ್ತಾರೆ.

ಹೀಗೆ ಮಾತಾಡುತ್ತಿರುವಾಗಲೇ ಹಾಸಿನ ಒಂದು ಎಳೆ ಪಟ್ಟೆಂದು ಕಡಿಯಿತು. ಅವರು ಕನ್ನಡಕ ಹುಡುಕತೊಡಗಿದರು. ನನಗೇ ತಿಳಿಯದಂತೆ ನನ್ನ ಕೈ ಮುಂದೆ ಹೋಯಿತು. ಹೊಸ ನೂಲನ್ನು ಹೆಬ್ಬೆರಳಿನಡಿ ಒತ್ತಿ, ಸುತ್ತಿ, ಗಂಟು ಬಿಗಿದು, ಅಚ್ಚಿನ ಹಲ್ಲಿನ ಸಂದಿಯಲ್ಲಿ ಎಳೆದೆ. ಇಳಕಲ್ಲಿನವರಿಗೆ ಎಳೆ ಕೂಡಿಸುವುದನ್ನು ಕಲಿಸಬೇಕಾಗಿಲ್ಲ. ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸುವುದೇ ಆ ಊರಿನ ವಿದ್ಯೆ.

"ಎಲ್ಲಿ ಕಲಿತದ್ದು, ಮೇಷ್ಟ್ರೇ?"

ಧಾರವಾಡದಲ್ಲಿ ಎಂ.ಎ. ಓದುವಾಗ, ತಂದೆ ಏನು ಮಾಡುತ್ತಾರೆಂದು ಕೇಳಿದವರಿಗೆಲ್ಲ ಬಟ್ಟೆ ವ್ಯಾಪಾರ ಎನ್ನುತ್ತಿದ್ದೆ. ಆ ಎರಡು ವರ್ಷದ ಖರ್ಚಿಗೆಂದೇ ಅಪ್ಪ ಮನೆಯಲ್ಲಿದ್ದ ಎರಡು ಮಗ್ಗಗಳಲ್ಲಿ ಒಂದನ್ನು ಮಾರಿದ್ದ. ಒಮ್ಮೆ ಹಾಸ್ಟೆಲ್ಲಿಗೆ ಬಂದಾಗ ಗೆಳೆಯನೊಬ್ಬ, "ವ್ಯಾಪಾರ ಹೆಂಗೈತ್ರಿ ಕಾಕಾ?" ಎಂದು ಕೇಳಿಬಿಟ್ಟ. ಅಪ್ಪ ನನ್ನ ಮುಖ ನೋಡಿದ. "ನಡದೈತ್ರಿ" ಎಂದ. ಬಸ್ಸು ಹತ್ತುವವರೆಗೂ ಆ ಮಾತನ್ನು ಎತ್ತಲಿಲ್ಲ. ಆಮೇಲೆ ಬದುಕಿರುವವರೆಗೂ ಎತ್ತಲಿಲ್ಲ. ಜೇಡರ ದಾಸಿಮಯ್ಯನ ಪಾಠ ಮಾಡುವಾಗ ಮಗ್ಗವೆಂದರೇನೆಂದು ತರಗತಿಗೆ ಬಣ್ಣಿಸಿ ವಿವರಿಸಿದ್ದೇನೆ, ಪುಸ್ತಕದಲ್ಲಿ ಓದಿದವನ ಹಾಗೆ.

"ನಮ್ಮದು ನೇಕಾರರ ಮನೆ" ಎಂದೆ.

ಟೀಚರಮ್ಮ ಆಶ್ಚರ್ಯಪಡಲಿಲ್ಲ. ಕುರ್ಚಿಯಿಂದ ಎದ್ದು ಲಾಳಿಯನ್ನು ನನ್ನ ಕೈಗೆ ಕೊಟ್ಟು, ಕಾಫಿ ಮಾಡಲು ಒಳಗೆ ಹೋದರು. ಈಗ ಭಾನುವಾರಗಳಂದು ಅವರು ಆರಾಧನೆ ಮುಗಿಸಿ ಬಂದ ಮೇಲೆ ನಾನು ಮೇಲೆ ಹೋಗುತ್ತೇನೆ. ನೇರಳೆ, ಬಿಳಿ, ಕೆಂಪು ಮುಗಿದಿವೆ. ಹಸಿರು ಇನ್ನೂ ಎರಡು ಮೊಳ ಉಳಿದಿದೆ. ಅಂಚು ಸ್ವಲ್ಪ ಒಳಗೆ ಸೆಳೆಯುತ್ತಿದೆ. ಬಿಚ್ಚಿ ಮತ್ತೆ ನೇಯಿರಿ ಎಂದಿದ್ದಾರೆ.